ಮಂಡ್ಯದ ಉಪಚುನಾವಣೆಯೂ ಮತದಾರರ ಉತ್ಸಾಹವೂ

ಉಪಚುನಾವಣೆಯೊಂದು ಮುಗಿದ ಮರುದಿನ ನಮ್ಮ ನಾಡಿನಲ್ಲಿ ತಪ್ಪದೆ ಕೇಳಿಬರುವ ಮಾತೊಂದುಂಟು. ಮತಗಟ್ಟೆಗಳಿಗೆ ಜನರು ಸಾಕಷ್ಟು ಬಾರದೆ ಹೋದರೆ, ನಮ್ಮವರು ಅಲಸಿಗಳೆಂದೂ, ಹಿರಿಯರು ಕಷ್ಟಪಟ್ಟು ಸಂಪಾದಿಸಿಕೊಟ್ಟ ಮತಾಧಿಕಾರದ ಬೆಲೆಯನ್ನು ಅರಿಯದವರೆಂದೂ ಪಟ್ಟಣದ ಸುಶಿಕ್ಷಿತರು ವ್ಯಸನಪಡುವರು. ಮತದಾರರಲ್ಲಿ ಜಾಗೃತಿಯನ್ನುಂಟುಮಾಡುವುದಕ್ಕಾಗಿ ಶಾಲೆಯ ಮಕ್ಕಳ ಮೆರವಣಿಗೆಯನ್ನು ಇನ್ನೂ ಎರಡು ಬೀದಿ ಹೆಚ್ಚಾಗಿ ನಡೆಯಿಸಬೇಕಾಗಿತ್ತೆಂದು ಅಧಿಕಾರಿಗಳು ಆಲೋಚಿಸುವರು. ಸೋತ ಪಕ್ಷದವರು ಜನರ ಉದಾಸೀನವೇ ತಮ್ಮ ಸೋಲಿಗೆ ಕಾರಣವೆಂದು ಹೇಳಿಕೊಳ್ಳುವರು. ಗೆದ್ದ ಪಕ್ಷದವರು ಆ ವಿಷಯವನ್ನು ಎತ್ತುವುದೇ ಇಲ್ಲ. ಈ ಆಕ್ಷೇಪಣೆಯಲ್ಲಿ ನಾವೂ ಹಿಂದೆ ಧ್ವನಿಗೂಡಿಸಿದ್ದುಂಟೆಂಬುದನ್ನು ಒಪ್ಪಿಕೊಳ್ಳುತ್ತೇವೆ. ಆದರೆ ಮಂಡ್ಯದ ಲೋಕಸಭಾ ಕ್ಷೇತ್ರದ ಅಂಕಿಗಳನ್ನು ಎದುರಿಗಿಟ್ಟುಕೊಂಡು ನೋಡಿದಮೇಲೆ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದೇ ನ್ಯಾಯವೆಂದು ನಮಗೆ ತೋರುತ್ತದೆ.

2018ನೆಯ ಇಸವಿ ನವೆಂಬರು 3ರಂದು ಮಂಡ್ಯದಲ್ಲಿ ಲೋಕಸಭೆಯ ಒಂದು ಸ್ಥಾನಕ್ಕೆ ಉಪಚುನಾವಣೆ ನಡೆಯಿತು. ಆ ದಿನ ಮತಕೊಟ್ಟವರು ನೂರಕ್ಕೆ 53.93 ಮಂದಿ. ಅಲ್ಲಿಂದ ಐದೂವರೆ ತಿಂಗಳಿಗೆ, 2019ರ ಏಪ್ರಿಲ್ 18ರಂದು, ಅದೇ ಕ್ಷೇತ್ರದಲ್ಲಿ ಸಾರ್ವತ್ರಿಕ ಚುನಾವಣೆ ನಡೆದಾಗ ಮತಕೊಟ್ಟವರು ನೂರಕ್ಕೆ 80.59 ಮಂದಿ. ಇಡೀ ಕರ್ಣಾಟಕದಲ್ಲಿ ಆ ಸಲ ಇಷ್ಟು ಉತ್ಸಾಹವನ್ನು ತೋರಿಸಿದ ಕ್ಷೇತ್ರವು ಮತ್ತೊಂದಿರಲಿಲ್ಲ. ಬಸರಾಳಿನಲ್ಲಾಗಲಿ, ಮದ್ದೂರಿನಲ್ಲಾಗಲಿ, ಮಳವಳ್ಳಿಯಲ್ಲಾಗಲಿ ಊರುಗಳು ಅವೇ, ಜನರೂ ಬಹುಮಟ್ಟಿಗೆ ಅವರೇ. ಒಂದು ಜಿಲ್ಲೆಯ ಜನರು ನವೆಂಬರಿನಲ್ಲಿ ಅಲಸಿಗಳಾಗಿದ್ದು, ಯುಗಾದಿ ಕಳೆಯುವಷ್ಟರಲ್ಲಿ ಪೌರಧರ್ಮದ ಪಾಠವನ್ನು ಕಲಿತು ನಾಡಿಗೇ ಮೊದಲಿಗರಾದರೆಂದು ನಂಬುವುದಕ್ಕೆ ನಾವು ಸಿದ್ಧರಾಗಿಲ್ಲ. ಬದಲಾದದ್ದು ಮತದಾರನ ಸ್ವಭಾವವಲ್ಲ. ಅವನ ಮುಂದಿಟ್ಟ ವಿಷಯವು ಬದಲಾಯಿತು. ಮೊದಲನೆಯ ಸಲ ಅವನಿಂದ ನಿಶ್ಚಯವಾಗಬೇಕಾದದ್ದು ಏನೂ ಇರಲಿಲ್ಲ. ಎರಡನೆಯ ಸಲ ಎಲ್ಲವೂ ಅವನ ಕೈಯಲ್ಲಿತ್ತು.

ಆ ಉಪಚುನಾವಣೆಯು ಹೇಗೆ ಬಂದಿತೆಂಬುದನ್ನು ವಾಚಕರು ಸ್ವಲ್ಪ ಜ್ಞಾಪಿಸಿಕೊಳ್ಳಬೇಕು. 2014ರಲ್ಲಿ ಶ್ರೀ ಸಿ. ಎಸ್. ಪುಟ್ಟರಾಜು ಅವರು ಕೇವಲ 5,518 ಮತಗಳ ಅಂತರದಿಂದ ಶ್ರೀಮತಿ ರಮ್ಯಾ ಅವರನ್ನು ಸೋಲಿಸಿ ಲೋಕಸಭೆಗೆ ಹೋಗಿದ್ದರು. 2018ರ ಮೇ ತಿಂಗಳಿನಲ್ಲಿ ಅವರು ಮೇಲುಕೋಟೆಯಿಂದ ರಾಜ್ಯದ ವಿಧಾನಸಭೆಗೆ ನಿಂತು ಗೆದ್ದು, ಮೇ 21ರಂದು ಲೋಕಸಭೆಯ ಸ್ಥಾನವನ್ನು ಬಿಟ್ಟುಕೊಟ್ಟರು. ಬಳ್ಳಾರಿಯ ಶ್ರೀ ಶ್ರೀರಾಮುಲು ಅವರೂ ಶಿವಮೊಗ್ಗದ ಶ್ರೀ ಯಡಿಯೂರಪ್ಪನವರೂ ಅದೇ ಕಾರಣಕ್ಕಾಗಿ ಮೂರು ದಿನ ಮೊದಲೇ ಬಿಟ್ಟಿದ್ದರು. 1951ರ ಪ್ರಜಾಪ್ರಾತಿನಿಧ್ಯ ಶಾಸನಕ್ಕೆ 1996ರಲ್ಲಿ ಸೇರಿಸಿದ 151ಎ ಕಲಮಿನ ಪ್ರಕಾರ, ತೆರವಾದ ಸ್ಥಾನವನ್ನು ಆರು ತಿಂಗಳೊಳಗಾಗಿ ತುಂಬತಕ್ಕದ್ದು. ಆದರೆ ಆ ಸ್ಥಾನದ ಉಳಿದ ಅವಧಿಯು ಒಂದು ವರ್ಷಕ್ಕೆ ಕಡಿಮೆಯಾಗಿದ್ದರೆ ಚುನಾವಣೆ ಬೇಕಾಗಿಲ್ಲ. ಆ ಲೋಕಸಭೆಯ ಆಯುಷ್ಯವು 2019ರ ಜೂನ್ 3ರವರೆಗೆ ಇದ್ದಿತು. ಅಂದರೆ ಒಂದು ವರ್ಷದ ಮೇಲೆ ಎರಡು ವಾರದಷ್ಟು ಕಾಲ ಮಿಕ್ಕಿದ್ದ ಕಾರಣ, ಮಂಡ್ಯದ ಜನರು ಚುನಾವಣೆಯನ್ನು ಕಾಣಬೇಕಾಯಿತು. ಆಂಧ್ರದ ಐವರು ಸದಸ್ಯರ ರಾಜೀನಾಮೆಯು ಜೂನ್ 20ರಂದು ಅಂಗೀಕೃತವಾದುದರಿಂದ ಅಲ್ಲಿ ಚುನಾವಣೆಯೇ ನಡೆಯಲಿಲ್ಲ. ಈ ವ್ಯತ್ಯಾಸವನ್ನು ಚುನಾವಣಾ ಆಯೋಗದವರು ಆಗಲೇ ವಿವರಿಸಿ ಪ್ರಕಟಿಸಿದರು. ಕಾಯಿದೆಯ ದೃಷ್ಟಿಯಿಂದ ಅದರಲ್ಲಿ ದೋಷವೇನೂ ಇಲ್ಲ. ಆದರೆ ಕ್ಯಾಲೆಂಡರಿನ ಹದಿನಾಲ್ಕು ದಿನದಿಂದ ಹುಟ್ಟಿದ ಚುನಾವಣೆಯಲ್ಲಿ ಮತದಾರನು ಎಷ್ಟು ಶ್ರದ್ಧೆಯನ್ನಿಡಬೇಕೆಂದು ನಾವು ಅಪೇಕ್ಷಿಸಬಹುದು?

ಗೆದ್ದವರಿಗಾದರೂ ಕೆಲಸಮಾಡಲು ಎಷ್ಟು ಅವಕಾಶವಿತ್ತು? ನವೆಂಬರು 6ರಂದು ಮತಗಳ ಎಣಿಕೆಯಾಯಿತು. ಡಿಸೆಂಬರು 11ರಿಂದ ಜನವರಿಯ ಎರಡನೆಯ ವಾರದವರೆಗೆ ಪಾರ್ಲಿಮೆಂಟಿನ ಚಳಿಗಾಲದ ಅಧಿವೇಶನ. ಜನವರಿ 31ರಿಂದ ಫೆಬ್ರವರಿ 13ರವರೆಗೆ ಮತ್ತೊಂದು ಅಧಿವೇಶನ. ಮಾರ್ಚಿ 10ರಂದು ಮುಂದಿನ ಸಾರ್ವತ್ರಿಕ ಚುನಾವಣೆಯ ದಿನಗಳು ಪ್ರಕಟವಾದುವು. ಒಬ್ಬ ಹೊಸ ಸದಸ್ಯನು ದೆಹಲಿಯಲ್ಲಿ ತನ್ನ ಪೀಠವೆಲ್ಲಿದೆಯೆಂದು ಗುರುತುಮಾಡಿಕೊಳ್ಳುವಷ್ಟರಲ್ಲಿಯೇ ಅವಧಿ ತೀರಿಹೋಗುವ ಏರ್ಪಾಡು ಇದು. ಮಂಡ್ಯದ ರೈತನಿಗೆ ಹೇಳಿಕೊಳ್ಳುವ ಕಷ್ಟಗಳೇನೂ ಕಡಿಮೆಯಿರಲಿಲ್ಲ. 1933ರಲ್ಲಿ ಪ್ರಾರಂಭವಾಗಿ ಜಿಲ್ಲೆಯ ಜೀವನಾಡಿಯಾಗಿದ್ದ ಮೈಸೂರು ಸಕ್ಕರೆ ಕಾರ್ಖಾನೆಯು ನಷ್ಟದಿಂದ ನಿಂತುಹೋಗಿ, 2022ರಲ್ಲಿ ಮತ್ತೆ ಕಬ್ಬನ್ನು ಅರೆಯತೊಡಗಿತೆಂಬುದೊಂದನ್ನು ಹೇಳಿದರೆ ಸಾಕು. ಈ ಕಷ್ಟಗಳಲ್ಲಿ ಯಾವುದನ್ನಾದರೂ ಎರಡು ಅಧಿವೇಶನದೊಳಗೆ ಪರಿಹರಿಸಿಬಿಡುತ್ತೇವೆಂದು ಯಾವ ಅಭ್ಯರ್ಥಿಯೂ ಎದೆಮುಟ್ಟಿ ಹೇಳುವಂತಿರಲಿಲ್ಲ. ಹೇಳಿದ್ದರೆ ಮತದಾರನು ನಂಬುವಂತಿರಲಿಲ್ಲ.

ಇದಕ್ಕಿಂತಲೂ ಮುಖ್ಯವಾದ ಕಾರಣವು ಬೇರೆಯಿದೆ. ಮಂಡ್ಯದ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳು ಸೇರಿವೆ. ಜಿಲ್ಲೆಯವು ಏಳು, ಮೈಸೂರು ಜಿಲ್ಲೆಯ ಕೃಷ್ಣರಾಜನಗರವೊಂದು. 2018ರ ಮೇ ತಿಂಗಳಿನಲ್ಲಿ ಈ ಎಂಟನ್ನೂ ಜಾತ್ಯತೀತ ಜನತಾದಳದವರು ಗೆದ್ದಿದ್ದರು. ಆ ಹೋರಾಟವು ಬಹುಮಟ್ಟಿಗೆ ದಳಕ್ಕೂ ಕಾಂಗ್ರೆಸ್ಸಿಗೂ ನಡೆದದ್ದು. ಈ ಎರಡು ಪಕ್ಷಗಳ ವೈರವು ಮಂಡ್ಯದಲ್ಲಿ ಪತ್ರಿಕೆಗಳ ಪುಟದಲ್ಲಿ ಮಾತ್ರ ಇರುವುದಲ್ಲ. ಅದು ಊರೂರಿನಲ್ಲಿ, ಕೇರಿಕೇರಿಯಲ್ಲಿ, ಒಂದೇ ಮನೆಯ ದಾಯಾದಿಗಳ ನಡುವೆ ಬೇರುಬಿಟ್ಟದ್ದು. ಮೇ ತಿಂಗಳಿನಲ್ಲಿ ಹೀಗೆ ಸೆಣಸಿದವರಿಗೆ, ಆ ತಿಂಗಳು ಕಳೆಯುವುದರೊಳಗಾಗಿ, ಬೆಂಗಳೂರಿನಲ್ಲಿ ಎರಡು ಪಕ್ಷಗಳೂ ಕೂಡಿ ಮಂತ್ರಿಮಂಡಲವನ್ನು ರಚಿಸಿದ ಸಮಾಚಾರವು ಬಂದಿತು. ನವೆಂಬರಿನಲ್ಲಿ ದಳದ ಅಭ್ಯರ್ಥಿ ಶ್ರೀ ಎಲ್. ಆರ್. ಶಿವರಾಮೇಗೌಡರ ಪರವಾಗಿ ಕಾಂಗ್ರೆಸ್ಸಿನ ಕಾರ್ಯಕರ್ತರು ಮನೆಮನೆಗೆ ಹೋಗಿ ಮತ ಕೇಳಬೇಕೆಂದು ಅಪ್ಪಣೆಯಾಯಿತು. ನಾಯಕರು ಒಂದೇ ವೇದಿಕೆಯ ಮೇಲೆ ಕೈಕುಲುಕಿದ ಮಾತ್ರಕ್ಕೆ ಊರಿನ ಜಗಲಿಯ ಮೇಲೆ ಕುಳಿತ ಕಾರ್ಯಕರ್ತನು ನಿನ್ನೆಯ ಜಗಳವನ್ನು ಮರೆಯಬೇಕೆಂದು ಅಪೇಕ್ಷಿಸಿದರು. ಎದುರಿಗೆ ನಿಂತ ಭಾರತೀಯ ಜನತಾಪಕ್ಷವು ಆ ಜಿಲ್ಲೆಯಲ್ಲಿ ಅದುವರೆಗೆ ದುರ್ಬಲವಾಗಿತ್ತು. ಎರಡು ದೊಡ್ಡ ಪಕ್ಷಗಳು ಒಂದಾದಮೇಲೆ ಫಲಿತಾಂಶವು ಏನಾಗುವುದೆಂದು ಸಣ್ಣ ಮಕ್ಕಳೂ ಹೇಳುವಂತಿತ್ತು. ಹೀಗಿರಲು, ಮೊದಲೇ ತೀರ್ಮಾನವಾದ ವ್ಯಾಜ್ಯಕ್ಕೆ ಸಾಕ್ಷಿಹೇಳಲು ಕರೆದರೆ ಬಾರದವನನ್ನು ಅಲಸಿಯೆಂದು ಕರೆಯುವುದು ಹೇಗೆ?

ಎಣಿಕೆಯಾದಾಗ ದಳದ ಅಭ್ಯರ್ಥಿಗೆ 5,69,347 ಮತಗಳೂ, ಜನತಾಪಕ್ಷದ ಡಾ. ಸಿದ್ಧರಾಮಯ್ಯನವರಿಗೆ 2,44,404 ಮತಗಳೂ ಬಂದಿದ್ದುವು. ಅಂತರವು 3,24,943. ಅಂದು ಎಲ್ಲರ ಕಣ್ಣೂ ಆ ಅಂತರದ ಮೇಲೆಯೇ ಬಿದ್ದಿತು. ಮೂರೂಕಾಲು ಲಕ್ಷ ಮತಗಳ ಜಯವೆಂದರೆ ಸಾಮಾನ್ಯವೇ? ಮಂಡ್ಯವು ಮುಂದೆಂದೂ ಕೈತಪ್ಪದ ಕೋಟೆಯೆಂದು ಮೈತ್ರಿಯ ನಾಯಕರು ಎಣಿಸಿದರೆ ಆಶ್ಚರ್ಯವಿಲ್ಲ. ಆ ದಿನ ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಸಂಖ್ಯೆಯೊಂದಿತ್ತು: ನೂರಕ್ಕೆ 46 ಮಂದಿ ಮನೆಯಲ್ಲಿಯೇ ಉಳಿದುಕೊಂಡಿದ್ದರು.

ಐದೂವರೆ ತಿಂಗಳ ಅನಂತರದ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. 2019ರಲ್ಲಿ ಅದೇ ಮೈತ್ರಿಯ ಅಭ್ಯರ್ಥಿಯಾಗಿ ನಿಂತವರು ಮುಖ್ಯಮಂತ್ರಿಗಳ ಪುತ್ರರಾದ ಶ್ರೀ ನಿಖಿಲ್ ಕುಮಾರಸ್ವಾಮಿಯವರು. ಅವರಿಗೆ ಬಂದ ಮತಗಳು 5,77,784. ಉಪಚುನಾವಣೆಯಲ್ಲಿ ಮೈತ್ರಿಗೆ ಬಂದದ್ದಕ್ಕಿಂತ ಇದು 8,437 ಮಾತ್ರ ಹೆಚ್ಚು. ಸ್ವತಂತ್ರ ಅಭ್ಯರ್ಥಿಯಾಗಿ ನಿಂತು ಜನತಾಪಕ್ಷದ ಬೆಂಬಲವನ್ನು ಪಡೆದಿದ್ದ ಶ್ರೀಮತಿ ಸುಮಲತಾ ಅವರಿಗೆ 7,03,660 ಮತಗಳು ಬಂದು, ಅವರು 1,25,876ರ ಅಂತರದಿಂದ ಗೆದ್ದರು. ಉಪಚುನಾವಣೆಯಲ್ಲಿ ಜನತಾಪಕ್ಷಕ್ಕೆ ಬಂದಿದ್ದ ಮತಗಳನ್ನು ಇದರಿಂದ ಕಳೆದರೆ ಉಳಿಯುವುದು 4,59,256. ನವೆಂಬರಿಗಿಂತ ಏಪ್ರಿಲಿನಲ್ಲಿ ಹೆಚ್ಚಾಗಿ ಬಂದ ಮತದಾರರ ಸಂಖ್ಯೆಯೂ ನಾಲ್ಕು ಲಕ್ಷವನ್ನು ಚೆನ್ನಾಗಿ ಮೀರಿದ್ದಿತು. ಮತವು ಗುಪ್ತವಾದುದು, ಯಾರು ಯಾರಿಗೆ ಕೊಟ್ಟರೆಂದು ಹೇಳುವುದು ನಮ್ಮಿಂದಾಗದು, ಹೇಳುವುದು ಉಚಿತವೂ ಅಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದವರೂ, ಅಲ್ಲಿಂದ ಇಲ್ಲಿಗೆ ಬಂದವರೂ ಅನೇಕರಿದ್ದಿರಬೇಕು. ಈ ನಡುವೆ 2018ರ ನವೆಂಬರು 24ರಂದು ಶ್ರೀ ಅಂಬರೀಷರು ಕಾಲವಾದದ್ದೂ, ಅವರ ಪತ್ನಿಯ ವಿಷಯದಲ್ಲಿ ಜನರಿಗೆ ಉಂಟಾದ ಮರುಕವೂ ಲೆಕ್ಕಕ್ಕೆ ಬರತಕ್ಕವು. ಆದರೂ ಮೊತ್ತದ ಮೇಲೆ ನೋಡಿದರೆ, ಮೈತ್ರಿಯ ಬುತ್ತಿ ಇದ್ದಷ್ಟೇ ಇದ್ದು, ಹೊಸದಾಗಿ ಬಂದವರಷ್ಟು ಮತವು ಎದುರು ಪಕ್ಷಕ್ಕೆ ಕೂಡಿಕೊಂಡಿತೆಂಬುದು ಅಂಕಿಗಳಿಂದಲೇ ಕಾಣುತ್ತದೆ. ಮನೆಯಲ್ಲಿ ಕುಳಿತವರಲ್ಲಿ ಬಹುಮಂದಿ ಉದಾಸೀನರಾಗಿರಲಿಲ್ಲ. ತಮಗೆ ಒಪ್ಪಿಗೆಯಾಗುವ ಆಯ್ಕೆಗಾಗಿ ಕಾಯುತ್ತಿದ್ದರು. ಆ ಮೌನವನ್ನು ಸಮ್ಮತಿಯೆಂದು ಓದಿಕೊಂಡವರು ತಪ್ಪಿದರು.

ಉಪಚುನಾವಣೆಯೆಂದರೆ ಜನರಿಗೆ ಸ್ವಭಾವತಃ ಬೇಸರವೆಂದು ಹೇಳುವವರಿಗೆ ಮಂಡ್ಯ ಜಿಲ್ಲೆಯೇ ಉತ್ತರವನ್ನು ಕೊಟ್ಟಿದೆ. 2019ರ ಡಿಸೆಂಬರು 5ರಂದು ಕೃಷ್ಣರಾಜಪೇಟೆಯ ವಿಧಾನಸಭಾ ಸ್ಥಾನಕ್ಕೆ ಉಪಚುನಾವಣೆ ನಡೆದಾಗ ನೂರಕ್ಕೆ 80ಕ್ಕಿಂತ ಹೆಚ್ಚು ಜನರು ಮತಕೊಟ್ಟರು. ಅಲ್ಲಿಯ ಸದಸ್ಯರಾಗಿದ್ದ ಶ್ರೀ ಕೆ. ಸಿ. ನಾರಾಯಣಗೌಡರು ದಳವನ್ನು ಬಿಟ್ಟು, ಅನರ್ಹತೆಗೆ ಒಳಗಾಗಿ, ಸುಪ್ರೀಂ ಕೋರ್ಟಿನ ತೀರ್ಪಿನಂತೆ ಮತ್ತೆ ನಿಲ್ಲುವ ಅವಕಾಶವನ್ನು ಪಡೆದು, ಜನತಾಪಕ್ಷದ ಅಭ್ಯರ್ಥಿಯಾಗಿದ್ದರು. ದಳ, ಕಾಂಗ್ರೆಸ್ಸು, ಜನತಾಪಕ್ಷ ಮೂರೂ ಬೇರೆಬೇರೆಯಾಗಿ ಕಣದಲ್ಲಿದ್ದುವು. ಅಂದು ಚುನಾವಣೆ ನಡೆದ ಹದಿನೈದು ಸ್ಥಾನಗಳ ಮೇಲೆ ರಾಜ್ಯದ ಸರಕಾರದ ಅಳಿವು ಉಳಿವು ನಿಂತಿತ್ತು. ಪಕ್ಷಾಂತರವನ್ನು ನಾವು ಮೆಚ್ಚತಕ್ಕವರಲ್ಲ. ಆ ವಿಷಯವು ಬೇರೆ. ಮತದಾರನಿಗೆ ತನ್ನ ಒಂದು ಮತದಿಂದ ಏನೋ ಆಗುವುದೆಂಬ ನಂಬಿಕೆ ಬಂದಾಗ ಅವನು ಹೊಲದ ಕೆಲಸವನ್ನು ಬಿಟ್ಟು ಬಂದನೆಂಬುದಷ್ಟೇ ಇಲ್ಲಿ ನಮಗೆ ಬೇಕಾದದ್ದು. 2024ರಲ್ಲಿ ಶ್ರೀ ಎಚ್. ಡಿ. ಕುಮಾರಸ್ವಾಮಿಯವರು ಮಂಡ್ಯದಿಂದ ಲೋಕಸಭೆಗೆ ಆರಿಸಿಬಂದು ಚನ್ನಪಟ್ಟಣವನ್ನು ತೆರವುಮಾಡಿದಾಗ, ನವೆಂಬರು 13ರಂದು ಅಲ್ಲಿ ನಡೆದ ಉಪಚುನಾವಣೆಯಲ್ಲಿ ನೂರಕ್ಕೆ 88ಕ್ಕೂ ಮೀರಿ ಮತದಾನವಾಯಿತು. ಶ್ರೀ ಸಿ. ಪಿ. ಯೋಗೇಶ್ವರರಿಗೂ ಶ್ರೀ ನಿಖಿಲರಿಗೂ ನಡೆದ ಆ ಸ್ಪರ್ಧೆಯ ಫಲವನ್ನು ಎಣಿಕೆಯ ದಿನದವರೆಗೆ ಯಾರೂ ಧೈರ್ಯವಾಗಿ ಹೇಳುವಂತಿರಲಿಲ್ಲ.

ನಮ್ಮ ಈ ವಾದಕ್ಕೆ ಸರಿಯಾಗಿ ಹೊಂದದ ದೃಷ್ಟಾಂತವೊಂದನ್ನು ಮರೆಮಾಚುವುದು ಸರಿಯಲ್ಲ. ಮಂಡ್ಯದ ಉಪಚುನಾವಣೆಯ ದಿನವೇ ರಾಮನಗರದ ವಿಧಾನಸಭಾ ಸ್ಥಾನಕ್ಕೂ ಚುನಾವಣೆ ನಡೆಯಿತು. ಅಲ್ಲಿ ಜನತಾಪಕ್ಷದ ಅಭ್ಯರ್ಥಿಯು ಮತದಾನಕ್ಕೆ ಎರಡು ದಿನ ಮುಂಚೆ ಕಣವನ್ನು ಬಿಟ್ಟು ಕಾಂಗ್ರೆಸ್ಸಿಗೆ ಮರಳಿದರು. ಸ್ಪರ್ಧೆಯೇ ಇಲ್ಲದಂತಾದರೂ ನೂರಕ್ಕೆ 73ಕ್ಕಿಂತ ಹೆಚ್ಚು ಜನರು ಮತಕೊಟ್ಟು, ಶ್ರೀಮತಿ ಅನಿತಾ ಕುಮಾರಸ್ವಾಮಿಯವರನ್ನು ಲಕ್ಷಕ್ಕೂ ಮೀರಿದ ಅಂತರದಿಂದ ಆರಿಸಿದರು. ವಿಧಾನಸಭಾ ಕ್ಷೇತ್ರವು ಚಿಕ್ಕದು. ಕಾರ್ಯಕರ್ತನು ಪ್ರತಿಯೊಂದು ಮನೆಯ ಬಾಗಿಲನ್ನೂ ಬಲ್ಲನು. ಮುಖ್ಯಮಂತ್ರಿಗಳು ಬಿಟ್ಟ ಸ್ಥಾನಕ್ಕೆ ಅವರ ಪತ್ನಿಯೇ ನಿಂತಾಗ ಊರಿನವರಿಗೆ ಅದೊಂದು ಮರ್ಯಾದೆಯ ವಿಷಯವೂ ಆಗಿದ್ದಿರಬಹುದು. ಆದುದರಿಂದ ಸ್ಪರ್ಧೆಯೊಂದೇ ಉತ್ಸಾಹಕ್ಕೆ ಕಾರಣವೆಂದು ನಾವು ಸಾಧಿಸಲಾರೆವು. ಹತ್ತಿರದವರು ಹತ್ತಿರದ ಸ್ಥಾನಕ್ಕೆ ನಿಂತರೆ ಜನರು ಬರುವರು. ದೆಹಲಿಯ ಆರು ತಿಂಗಳ ಸ್ಥಾನಕ್ಕೆ ಆ ಸಲುಗೆಯೂ ಇಲ್ಲ, ಸ್ಪರ್ಧೆಯೂ ಇರಲಿಲ್ಲ.

ಹೊರದೇಶಗಳಲ್ಲಿಯೂ ಇದೇ ನಡತೆಯು ಕಂಡುಬರುತ್ತದೆ. ಮಂಡ್ಯದ ಮತಗಳನ್ನು ಎಣಿಸಿದ ನವೆಂಬರು 6ರಂದೇ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಮಧ್ಯಾವಧಿಯ ಚುನಾವಣೆ ನಡೆಯಿತು. ಅಲ್ಲಿ ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಡುವೆ ಶಾಸನಸಭೆಗೆ ಚುನಾವಣೆಯಾಗುವುದು ಪದ್ಧತಿ. ಅಧ್ಯಕ್ಷರ ಚುನಾವಣೆಗೆ ಬರುವಷ್ಟು ಜನರು ಅದಕ್ಕೆ ಬರುವುದಿಲ್ಲ. 2014ರಲ್ಲಿ ನೂರಕ್ಕೆ ಸುಮಾರು 36 ಮಂದಿ ಮಾತ್ರ ಮತಕೊಟ್ಟಿದ್ದರು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ನಡೆದ ಚುನಾವಣೆಯ ತರುವಾಯ ಅಷ್ಟು ಕಡಿಮೆಯಾದದ್ದೇ ಇಲ್ಲ. ನಾಲ್ಕೇ ವರ್ಷದಲ್ಲಿ, 2018ರಲ್ಲಿ, ಅದು ನೂರಕ್ಕೆ 50ರ ಹತ್ತಿರಕ್ಕೆ ಏರಿ, ಒಂದು ಶತಮಾನದಲ್ಲಿಯೇ ಹೆಚ್ಚಿನದಾಯಿತು. ಅಧ್ಯಕ್ಷ ಟ್ರಂಪರ ಆಡಳಿತವನ್ನು ಮೆಚ್ಚಿದವರೂ ಮೆಚ್ಚದವರೂ ಒಂದೇ ಸಮನಾಗಿ, ಈ ಸಲ ಸುಮ್ಮನಿರಬಾರದೆಂದು ಹೊರಟುದೇ ಇದಕ್ಕೆ ಕಾರಣ. ಅಲ್ಲಿಯ ಪಂಡಿತರೂ 2014ರಲ್ಲಿ ತಮ್ಮ ಜನರ ಆಲಸ್ಯಕ್ಕಾಗಿ ನಮ್ಮವರಂತೆಯೇ ಮರುಗಿದ್ದರೆಂಬುದನ್ನು ನೆನೆದರೆ ಸ್ವಲ್ಪ ಸಮಾಧಾನವಾಗುವುದು.

ಮಂಡ್ಯದ ಜನರಿಗೆ ರಾಜಕೀಯದಲ್ಲಿ ಆಸಕ್ತಿಯಿಲ್ಲವೆಂದು ಹೇಳುವವರು ಜಿಲ್ಲೆಯ ಚರಿತ್ರೆಯನ್ನು ಓದಿದವರಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲುರವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿಸಭೆಯನ್ನು ಏರ್ಪಡಿಸಿದಾಗ ಅದಕ್ಕೆ ಬಂದವರು ಜಮೀನುದಾರರೂ ವರ್ತಕರೂ ಆಗಿದ್ದರು. ಚುನಾವಣೆಯು ಬಂದದ್ದು ಕೆಲವು ವರ್ಷಗಳ ಅನಂತರ, ಮತಾಧಿಕಾರವಿದ್ದದ್ದು ಆಸ್ತಿಯುಳ್ಳ ಕೆಲವರಿಗೆ. ಹೀಗೆ ಮತವೇ ಇಲ್ಲದ ಸಾವಿರಾರು ರೈತರು 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನೆರೆದು, ನಿಷೇಧಾಜ್ಞೆಯನ್ನು ಲೆಕ್ಕಿಸದೆ ಶ್ರೀ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ರಾಷ್ಟ್ರಧ್ವಜವನ್ನೇರಿಸಿದ್ದನ್ನು ಕಣ್ಣಾರೆ ಕಂಡರು. ಅವರನ್ನು ಎಬ್ಬಿಸಿ ಕರೆತರಲು ಯಾವ ಇಲಾಖೆಯೂ ಜಾಗೃತಿಯ ಜಾಥಾವನ್ನು ನಡೆಯಿಸಲಿಲ್ಲ. ಬರಬಾರದೆಂದೇ ಸರಕಾರದವರ ಕಟ್ಟಪ್ಪಣೆಯಿದ್ದಿತು. ಅವರ ಮೊಮ್ಮಕ್ಕಳು 2024ರ ಲೋಕಸಭಾ ಚುನಾವಣೆಯಲ್ಲಿಯೂ ನೂರಕ್ಕೆ 81ಕ್ಕಿಂತ ಹೆಚ್ಚು ಮತಕೊಟ್ಟು ರಾಜ್ಯಕ್ಕೆ ಮೊದಲಿಗರಾದರು. ಈ ಸಂದರ್ಭದಲ್ಲಿ ನಮ್ಮ ಪಟ್ಟಣವಾಸಿಗಳಾದ ವಾಚಕರಿಗೆ ಒಂದು ಮಾತನ್ನು ಹೇಳಬೇಕಾಗಿದೆ. 2019ರ ಡಿಸೆಂಬರಿನ ಅದೇ ದಿನ ಬೆಂಗಳೂರಿನ ಕೃಷ್ಣರಾಜಪುರದಲ್ಲಿ ಮತಕೊಟ್ಟವರು ನೂರಕ್ಕೆ 47ಕ್ಕೂ ಕಡಿಮೆ. ಅದರ ಪಕ್ಕದ ಹೊಸಕೋಟೆಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು. ಹಳ್ಳಿಯವನ ಆಲಸ್ಯವನ್ನು ಕುರಿತು ಭಾಷಣಮಾಡುವ ಹಕ್ಕು ಯಾರಿಗಿದೆಯೆಂಬುದನ್ನು ಅವರೇ ನಿರ್ಣಯಿಸಲಿ.

ಹಾಗಾದರೆ ದೋಷವನ್ನು ಎಲ್ಲಿ ಹುಡುಕಬೇಕು? ಜನರು ಐದು ವರ್ಷಕ್ಕೆಂದು ಕೊಟ್ಟ ಸ್ಥಾನವನ್ನು ನಡುವೆ ಬಿಟ್ಟು ಮತ್ತೊಂದಕ್ಕೆ ನಿಲ್ಲುವ ಪದ್ಧತಿಯಲ್ಲಿ ಮೊದಲು ಹುಡುಕಬೇಕು. ಮಂಡ್ಯಕ್ಕೆ ಇದು ಹೊಸದಲ್ಲ. ಶ್ರೀ ಎಸ್. ಎಂ. ಕೃಷ್ಣ ಅವರು ಲೋಕಸಭೆಗೆ ಮೊದಲು ಹೋದದ್ದೇ 1968ರ ಉಪಚುನಾವಣೆಯಿಂದ. 1972ರಲ್ಲಿ ಅವರು ಅದನ್ನು ಬಿಟ್ಟು ರಾಜ್ಯದ ಆಡಳಿತಕ್ಕೆ ಬಂದಾಗ ಮತ್ತೊಂದು ಉಪಚುನಾವಣೆ ಬಂದಿತು. 2013ರಲ್ಲಿ ಶ್ರೀ ಎನ್. ಚಲುವರಾಯಸ್ವಾಮಿಯವರು ನಾಗಮಂಗಲದಿಂದ ವಿಧಾನಸಭೆಗೆ ಗೆದ್ದು ಲೋಕಸಭೆಯನ್ನು ಬಿಟ್ಟರು. ಆಗಸ್ಟಿನಲ್ಲಿ ಉಪಚುನಾವಣೆ ನಡೆದು ಶ್ರೀಮತಿ ರಮ್ಯಾ ಅವರು ಗೆದ್ದರು. ಎಂಟು ತಿಂಗಳಿಗೆ ಮತ್ತೆ ಚುನಾವಣೆ. 2018ರಲ್ಲಿ ಅದೇ ಕಥೆ. ಹೀಗೆ 2013ರಿಂದ 2019ರವರೆಗಿನ ಆರು ವರ್ಷದಲ್ಲಿ ಮಂಡ್ಯದ ಮತದಾರನು ಲೋಕಸಭೆಗೆಂದೇ ನಾಲ್ಕು ಸಲ ಮತಗಟ್ಟೆಗೆ ಹೋಗಬೇಕಾಯಿತು. ಕಾಯಿದೆಯು ಇದನ್ನು ತಡೆಯುವುದಿಲ್ಲವಾದುದರಿಂದ ಹೀಗೆ ಮಾಡಿದವರಲ್ಲಿ ಯಾರೊಬ್ಬರನ್ನೂ ನಾವು ಹೆಸರಿಸಿ ದೂಷಿಸುವುದಿಲ್ಲ. ಎಲ್ಲ ಪಕ್ಷಗಳವರೂ ಮಾಡಿದ್ದಾರೆ. ಕಾಯಿದೆಯನ್ನೇ ತಿದ್ದಬೇಕೆಂದು ಹೇಳುತ್ತೇವೆ. ಒಬ್ಬನೇ ಅಭ್ಯರ್ಥಿಯು ಎರಡು ಸ್ಥಾನಗಳಿಗೆ ನಿಲ್ಲುವುದನ್ನು ನಿಲ್ಲಿಸಬೇಕು, ಇಲ್ಲವೆ ಅದರಿಂದಾಗುವ ಉಪಚುನಾವಣೆಯ ವೆಚ್ಚಕ್ಕಾಗಿ ಅವನಿಂದ ಹಣವನ್ನು ಕಟ್ಟಿಸಿಕೊಳ್ಳಬೇಕು ಎಂದು ಚುನಾವಣಾ ಆಯೋಗದವರು 2004ರಲ್ಲಿಯೇ ಸಲಹೆಮಾಡಿದರು. ಒಬ್ಬನಿಗೆ ಒಂದೇ ಸ್ಥಾನವೆಂದು ಕಾನೂನು ಆಯೋಗದವರು 2015ರ ತಮ್ಮ 255ನೆಯ ವರದಿಯಲ್ಲಿ ಶಿಫಾರಸುಮಾಡಿದರು. 2023ರ ಫೆಬ್ರವರಿಯಲ್ಲಿ ಈ ವಿಷಯವು ಸುಪ್ರೀಂ ಕೋರ್ಟಿಗೆ ಹೋದಾಗ, ಇದು ಪಾರ್ಲಿಮೆಂಟಿನವರು ನಿರ್ಣಯಿಸತಕ್ಕದ್ದೆಂದು ನ್ಯಾಯಾಧೀಶರು ಅರ್ಜಿಯನ್ನು ತಳ್ಳಿಹಾಕಿದರು. ಇರುವ ಸ್ಥಾನವನ್ನು ಬಿಟ್ಟು ಬೇರೊಂದು ಸಭೆಗೆ ಹಾರುವವರಿಗೂ ಇದೇ ನ್ಯಾಯವು ಅನ್ವಯಿಸಬೇಡವೆ? ಗದ್ದೆಯನ್ನು ಗುತ್ತಿಗೆಗೆ ಹಿಡಿದವನು ನಡುವೆ ಬಿಟ್ಟುಹೋದರೆ ನಷ್ಟವನ್ನು ಕಟ್ಟಿಕೊಡುವನು. ಉಪಚುನಾವಣೆಯ ವೆಚ್ಚದಲ್ಲಿ ಒಂದು ಭಾಗವನ್ನಾದರೂ, ಬಿಟ್ಟುಹೋದವರಿಂದ ಅಥವಾ ಅವರ ಪಕ್ಷದಿಂದ ವಸೂಲುಮಾಡುವಂತಾದರೆ, ಟಿಕೆಟ್ಟನ್ನು ಹಂಚುವಾಗಲೇ ನಾಯಕರು ಎರಡು ಸಲ ಆಲೋಚಿಸುವರು.

ತೆರವಾದ ಸ್ಥಾನವನ್ನು ಖಾಲಿಯಾಗಿಯೇ ಬಿಡಬೇಕೆಂದು ನಾವು ಹೇಳುತ್ತಿಲ್ಲ. ಪುಣೆಯ ಲೋಕಸಭಾ ಸದಸ್ಯರು 2023ರ ಮಾರ್ಚಿಯಲ್ಲಿ ಕಾಲವಾದಮೇಲೆ ಆ ಮಹಾನಗರದ ಸ್ಥಾನವನ್ನು ತುಂಬಲೇ ಇಲ್ಲ. ಮುಂಬಯಿ ಹೈಕೋರ್ಟಿನವರು ಚುನಾವಣೆಯನ್ನು ನಡೆಯಿಸಿರೆಂದು ಅಪ್ಪಣೆಮಾಡಿದರೂ ಅದಕ್ಕೆ ತಡೆ ಬಂದಿತು. ಅದೂ ಅನ್ಯಾಯವೇ. ನಮ್ಮ ರಾಜ್ಯದಲ್ಲಿಯೇ ಇದಕ್ಕಿಂತ ದೊಡ್ಡ ವಿಚಿತ್ರವೊಂದು ನಡೆದಿದೆ. ಜಿಲ್ಲಾ ಪಂಚಾಯತಿ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿಯು 2021ರಲ್ಲಿ ಮುಗಿದುಹೋಯಿತು. ಅನಂತರ ವರ್ಷಗಟ್ಟಲೆ ಅವುಗಳಿಗೆ ಚುನಾವಣೆಯೇ ಇಲ್ಲದೆ, ಅಧಿಕಾರಿಗಳೇ ಆಡಳಿತವನ್ನು ನೋಡಿಕೊಂಡರು. ಬಸರಾಳಿನ ಶಾಲೆಯ ಛಾವಣಿ, ಊರಿನ ಕೆರೆಯ ಏರಿ, ಆಸ್ಪತ್ರೆಯ ಔಷಧ, ಇವುಗಳನ್ನು ವಿಚಾರಿಸತಕ್ಕ ಸಭೆಗೆ ಜನರು ಪ್ರತಿನಿಧಿಯನ್ನು ಕಳುಹಿಸುವಂತಿಲ್ಲ. ಆರು ತಿಂಗಳಿಗಾಗಿ ದೆಹಲಿಗೆ ಒಬ್ಬರನ್ನು ಕಳುಹಿಸಲು ಮಾತ್ರ ಅವರು ಉತ್ಸಾಹದಿಂದ ಬರಬೇಕು! ಮತದಾರನಿಗೆ ಕರ್ತವ್ಯವನ್ನು ಬೋಧಿಸುವವರು ಈ ವಿಷಯದಲ್ಲಿ ಸರಕಾರದವರಿಗೂ ಎರಡು ಮಾತು ಬೋಧಿಸಬೇಕಾಗಿತ್ತು.

ಕೊನೆಯದಾಗಿ, ಬರಬೇಕೆಂಬ ಮನಸ್ಸಿದ್ದರೂ ಬರಲಾರದವರ ವಿಷಯ. ಹೊಯ್ಸಳರ ಕಾಲದಲ್ಲಿ, ಕ್ರಿ. ಶ. 1234ರಲ್ಲಿ, ಹರಿಹರ ದಂಡನಾಯಕನು ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯದಿಂದ ಹೆಸರಾದ ಬಸರಾಳು ಮಂಡ್ಯ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಜಿಲ್ಲೆಯ ಎಲ್ಲ ಹೋಬಳಿಗಳಂತೆ ಇಲ್ಲಿಯ ಯುವಕರೂ ಕೆಲಸಕ್ಕಾಗಿ ಬೆಂಗಳೂರಿಗೆ ಹೋಗುತ್ತಾರೆ. ಹೆಸರು ಮಾತ್ರ ಊರಿನ ಮತದಾರರ ಪಟ್ಟಿಯಲ್ಲಿಯೇ ಉಳಿದಿರುತ್ತದೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿಯುವ ಅಂಥ ಒಬ್ಬನನ್ನು ಊಹಿಸಿಕೊಳ್ಳೋಣ. ಸಾರ್ವತ್ರಿಕ ಚುನಾವಣೆಯಾದರೆ ಬೆಂಗಳೂರಿನಲ್ಲಿಯೂ ರಜೆಯಿರುವುದುಂಟು. ಗೆಳೆಯರು ಕೂಡಿ ಒಂದು ವಾಹನ ಮಾಡಿಕೊಂಡು ಬರುವರು. ಉಪಚುನಾವಣೆಯಾದರೆ ರಜೆಯು ಚುನಾವಣೆ ನಡೆಯುವ ಕ್ಷೇತ್ರದಲ್ಲಿ. ಕಾರ್ಖಾನೆಯ ಸೈರನ್ನು ಎಂದಿನಂತೆ ಕೂಗುವುದು. 2018ರ ನವೆಂಬರು 3 ಶನಿವಾರ. ನರಕಚತುರ್ದಶಿಗೆ ಇನ್ನು ಮೂರೇ ದಿನ. ದೀಪಾವಳಿಗೆ ಹೇಗೂ ಊರಿಗೆ ಬರುವವನು ಮತಕ್ಕಾಗಿ ಇನ್ನೊಂದು ಸಲ ಬರಬೇಕಾಗಿತ್ತು. ಒಂದು ದಿನದ ಸಂಬಳವನ್ನೂ ಹೋಗಿಬರುವ ಬಸ್ಸಿನ ಚಾರ್ಜನ್ನೂ ಕಳೆದುಕೊಳ್ಳಬೇಕಾಗಿತ್ತು. ಫಲಿತಾಂಶವು ಮೊದಲೇ ಗೊತ್ತಿದ್ದ ಚುನಾವಣೆಗೆ ಎಷ್ಟು ಮಂದಿ ಅಷ್ಟನ್ನು ತೆತ್ತಾರು?

ಆದರೆ ಈ ನಷ್ಟವು ಅವನ ಪಾಲಿಗೆ ಬರಕೂಡದೆಂದು ಕಾಯಿದೆಯೇ ಹೇಳುತ್ತದೆಂಬುದು ಬಹುಮಂದಿಗೆ ತಿಳಿಯದು. ಅದೇ ಪ್ರಜಾಪ್ರಾತಿನಿಧ್ಯ ಶಾಸನದ 135ಬಿ ಕಲಮಿನ ಪ್ರಕಾರ, ವ್ಯಾಪಾರ ಕೈಗಾರಿಕೆಗಳಲ್ಲಿ ದುಡಿಯುವ ಪ್ರತಿಯೊಬ್ಬ ಮತದಾರನಿಗೂ ಮತದಾನದ ದಿನ ಸಂಬಳಸಹಿತವಾದ ರಜೆಯನ್ನು ಕೊಡತಕ್ಕದ್ದು. ತನ್ನ ಕ್ಷೇತ್ರದಿಂದ ಹೊರಗೆ ಕೆಲಸಮಾಡುವವನಿಗೂ, ದಿನಗೂಲಿಯವನಿಗೂ ಈ ಹಕ್ಕುಂಟೆಂದು ಚುನಾವಣಾ ಆಯೋಗದವರು ಸ್ಪಷ್ಟಪಡಿಸಿದ್ದಾರೆ. ಇದನ್ನು ಮೀರಿದ ಯಜಮಾನನಿಗೆ ವಿಧಿಸಬಹುದಾದ ದಂಡವು ಹೆಚ್ಚೆಂದರೆ 500 ರೂಪಾಯಿ. ಈ ಮೊತ್ತದ ದೆಸೆಯಿಂದ ಯಾವ ಯಜಮಾನನೂ ನಿದ್ರೆಗೆಡುವುದಿಲ್ಲವೆಂಬುದು ನಿಜ. ಆದರೂ ಕಾಯಿದೆಯು ಪುಸ್ತಕದಲ್ಲಿದೆ. ಜಿಲ್ಲಾಧಿಕಾರಿಗಳಿಗೂ ಕಾರ್ಮಿಕ ಇಲಾಖೆಯವರಿಗೂ ಅದು ತಿಳಿದಿದೆ. ಮುಂದಿನ ಸಲ ಮಂಡ್ಯದಲ್ಲಾಗಲಿ ಮತ್ತೆಲ್ಲಾಗಲಿ ಉಪಚುನಾವಣೆಯ ದಿನವು ಗೊತ್ತಾದೊಡನೆ, ಆ ಕ್ಷೇತ್ರದ ಮತದಾರರಿಗೆ ರಜೆಕೊಡಬೇಕೆಂಬ ಸುತ್ತೋಲೆಯು ಬೆಂಗಳೂರಿನ ಕಾರ್ಖಾನೆ, ಅಂಗಡಿ, ಹೋಟೆಲುಗಳ ಯಜಮಾನರಿಗೆ ಮತದಾನಕ್ಕೆ ಎರಡು ವಾರ ಮುಂಚಿತವಾಗಿಯೇ ತಲುಪಬೇಕು. ಅದರ ಪ್ರತಿಯೊಂದನ್ನು ಕನ್ನಡದಲ್ಲಿ ಕಾರ್ಖಾನೆಯ ಬಾಗಿಲಿನಲ್ಲಿ ಅಂಟಿಸಿರಬೇಕು. ರಜೆಕೊಡದವರ ಮೇಲೆ ದೂರನ್ನು ಯಾರಿಗೆ ಒಪ್ಪಿಸಬೇಕೆಂಬುದನ್ನು ಅದರಲ್ಲಿಯೇ ಬರೆದಿರಬೇಕು. ಮಕ್ಕಳ ಮೆರವಣಿಗೆಗೆ ಮಾಡುವ ಖರ್ಚಿನಲ್ಲಿ ಇಷ್ಟು ಕೆಲಸವು ಧಾರಾಳವಾಗಿ ಆಗುವುದು. ಮತದಾನ ಮುಗಿದ ಬಳಿಕ, ಒಂದೊಂದು ಮತಗಟ್ಟೆಯ ಲೆಕ್ಕವೂ ಅಧಿಕಾರಿಗಳ ಕೈಯಲ್ಲಿರುತ್ತದಷ್ಟೆ. ಹಿಂದಿನ ಸಾರ್ವತ್ರಿಕ ಚುನಾವಣೆಗಿಂತ ಎಲ್ಲಿ ಮೂರರಲ್ಲೊಂದು ಪಾಲು ಕಡಿಮೆಯಾಯಿತೋ ಅಂತಹ ಊರುಗಳ ಪಟ್ಟಿಯನ್ನು ಪ್ರಕಟಿಸಿ, ಅಲ್ಲಿಗೆ ಹೋಗಿ ಕಾರಣವನ್ನು ಜನರನ್ನೇ ಕೇಳುವ ಪದ್ಧತಿಯನ್ನು ಮಂಡ್ಯದ ಅಧಿಕಾರಿಗಳು ಏಕೆ ಪ್ರಾರಂಭಿಸಬಾರದು?